ಅಣ್ಣನಿಗೆ ಹೊಲಿದ ಸೀಟು

ಅವತ್ತು ಅಣ್ಣ ಟ್ಯಾಕ್ಸಿಯನ್ನು ನನ್ನ ಅಂಗಡಿ ಮುಂದೆ ತಂದು ನಿಲ್ಲಿಸಿ, ಇಳಿಯದೇ ಕೂತ. ಹಾರನ್ನೂ ಹೊಡೆಯಲಿಲ್ಲ. ನಾನು ಮೆಷಿನ್ ಮುಂದೆ ಕೂತು ಯಾವುದೋ ವ್ಯಾನಿನ ಹಿಂದಿನ ಸೀಟಿಗೆ ರೆಕ್ಸಿನ್ ಹೊಲಿಯುತ್ತಿದ್ದೆ. ಬರೋದಾದರೆ ಬರಲಿ, ಮಹಾರಾಜರನ್ನು ನಾನೇ ಹೋಗಿ ಕರೆಯಬೇಕಾ ಅಂತ ಹಿಡಿದ ಹೊಲಿಗೆ ಮುಗಿಸಿದೆ. ಆಮೇಲೂ ಇಳಿಯಲಿಲ್ಲ. ಎದ್ದು ಹೋಗಿ ನೋಡಿದರೆ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡಿದ್ದಾನೆ, ಹಣೆ ತುಂಬ ಬೆವರು, ತುಟಿ ಕಚ್ಚಿಕೊಂಡಿದ್ದಾನೆ. ಏನಾಯ್ತೋ ಅಂದೆ. "ಎಡಗಾಲು ಕ್ಲಚ್ ಮೇಲಿಂದ ತೆಗೆಯೋಕಾಗ್ತಿಲ್ಲ ಕಣೇ," ಅಂದ.

ಬಗ್ಗಿ, ಮೊಣಕಾಲ ಕೆಳಗೆ ಕೈಕೊಟ್ಟು, ಅವನ ಕಾಲನ್ನು ನಾನೇ ಎತ್ತಿ ಹೊರಗಿಟ್ಟೆ. ಅವನು ಕೂಗಿದ ಕೂಗಿಗೆ ಎದುರಿನ ಟೈರ್ ಅಂಗಡಿಯವನು ಕೈಯಲ್ಲಿದ್ದ ಸ್ಪ್ಯಾನರ್ ಸಮೇತ ಓಡಿಬಂದ. ಇಬ್ಬರೂ ಸೇರಿ ಇಳಿಸಿ, ನನ್ನ ಕಟಿಂಗ್ ಟೇಬಲ್ ಮೇಲೆ ಮಲಗಿಸಿದೆವು. ಸೊಂಟದಿಂದ ಹಿಮ್ಮಡಿವರೆಗೆ ಯಾರೋ ಕಾದ ತಂತಿ ಎಳೆದ ಹಾಗಾಗುತ್ತೆ ಅಂದ. ಸ್ವಲ್ಪ ಹೊತ್ತಿಗೆ ಮುಂಚೆ ಇಳಿಜಾರಿನ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹೀಗೇ ಆಗಿ, ನೋವಿಗೆ ಬ್ರೇಕಿನ ಕಾಲೂ ಸಡಿಲಾಗಿ, ಗಾಡಿ ತಾನಾಗಿ ಉರುಳಿ, ಸ್ಕೂಟರಿನವಳೊಬ್ಬಳು ಕೂದಲೆಳೆಯಲ್ಲಿ ತಪ್ಪಿಸಿಕೊಂಡಳಂತೆ. ಅದನ್ನು ನನ್ನ ಮುಖ ನೋಡದೆ, ಸೂರು ನೋಡಿಕೊಂಡು ಹೇಳಿದ.

ಸಯಾಟಿಕಾ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ ಒಂದು ಕಡೆ ಜರುಗಿ ನರದ ಮೇಲೆ ಕೂತಿದೆ, ಗುಳಿಗೆ ತಗೊಳ್ಳಿ, ವ್ಯಾಯಾಮ ಮಾಡಿ, ಕಡಿಮೆಯಾಗದಿದ್ದರೆ ಆಪರೇಷನ್ ಯೋಚನೆ ಮಾಡೋಣ, ಅಲ್ಲಿವರೆಗೆ ಜಾಸ್ತಿ ಹೊತ್ತು ಕೂರಬೇಡಿ, ಕೂರಲೇಬೇಕಾದರೆ ಸೀಟು ಸರಿಯಾಗಿರಲಿ. ಇಷ್ಟು ಹೇಳಿದ್ದರಲ್ಲಿ ಆಪರೇಷನ್ ಅನ್ನೋದು ಬಂದ ಕೂಡಲೇ ಇವನ ಕಿವಿ ಮುಚ್ಚಿಹೋಗಿ, ಮತ್ತೆ ತೆರೆದಿದ್ದು ಸೀಟು ಅನ್ನೋ ಮಾತಿಗೆ. ಹೊರಗೆ ಬಂದವನೇ ಅತ್ತಿಗೆಗೆ, ಏನಿಲ್ಲ, ಒಳ್ಳೆ ಸೀಟು ಹಾಕಿಸಿಕೊಂಡರೆ ಆಯ್ತಂತೆ ಅಂದನಂತೆ. ಅತ್ತಿಗೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದವರು. ಚಿಕ್ಕಮಕ್ಕಳ ಶಾಲೆಯಲ್ಲಿ ಪಾಠ ಹೇಳೋ ಹೆಂಗಸು, ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಗಂಡನ ಎದುರು ಮಾತಾಡಲಾರದೆ ನನಗೆ ಫೋನ್ ಮಾಡಿ ಅತ್ತರು.

ಅವನ ಭಯ ಏನು ಅಂತ ನನಗೆ ಗೊತ್ತಿತ್ತು. ನಮ್ಮಪ್ಪನೂ ಸೊಂಟ ಹಿಡಿದು ಮಲಗಿದವನು ಮತ್ತೆ ಎದ್ದಿರಲಿಲ್ಲ. ಬೆನ್ನು ಹುಣ್ಣಾಗದ ಹಾಗೆ ದಿನಾ ಹೊರಳಿಸಬೇಕಿತ್ತು. ಅಣ್ಣ ಹೆಗಲ ಹತ್ತಿರ, ನಾನು ಕಾಲ ಹತ್ತಿರ. ಅಪ್ಪನ ಕಾಲು ಹಿಡಿದರೆ ಯಾರ ಕಾಲೋ ಹಿಡಿದ ಹಾಗಿರುತ್ತಿತ್ತು. ಆಪರೇಷನ್ ಮಾಡಿಸಿಕೋ ಮಾರಾಯ ಅಂತ ನಾನು ಬೈದಾಗ ಅಣ್ಣ, ಬೆನ್ನಿಗೆ ಕತ್ತಿ ಹಾಕಿಸಿಕೊಂಡು ಅಪ್ಪನ ಹಾಗೆ ಮಲಗಲಾ ಅಂದ. ನಿಜ ಹೇಳಬೇಕೆಂದರೆ ನನಗೂ ಅವನಷ್ಟೇ ಭಯ. ಹಾಗಾಗಿ ನಾನೂ ಸೀಟಿನ ಮಾತಿಗೇ ಜೋತುಬಿದ್ದೆ.

ಸೀಟು ಅಂದರೆ ನನ್ನ ಕಸುಬು. ಮದುವೆಯಾಗಿ ಬಂದು ಗಂಡನ ಪಕ್ಕ ನಿಂತು ಕಲಿತದ್ದು, ಅವರು ಹೋದ ಮೇಲೂ ಬಿಡಲಿಲ್ಲ. ಕಾರು, ವ್ಯಾನು, ಲಾರಿ, ಏನೇ ಬರಲಿ, ಹರಿದ ಸೀಟು ಬಿಚ್ಚಿ, ಫೋಮ್ ಬದಲಾಯಿಸಿ, ಹೊಸ ಹೊದಿಕೆ ಹೊಲಿದು ಕೊಡುತ್ತೇನೆ. ಹಾಗಿದ್ದೂ ಅಣ್ಣ ಸೀಟಿಗೆ ಅಂತ ಮೊದಲು ನನ್ನ ಹತ್ತಿರ ಬರಲಿಲ್ಲ. ಮನೆಯಾಕೆ ಮಾಡಿದ ಅಡುಗೆ ಬಿಟ್ಟು ಊರೆಲ್ಲ ಉಂಡು ಬರೋ ಪೈಕಿ. ಮರದ ಮಣಿ ಪೋಣಿಸಿದ ಹೊದಿಕೆ ತಂದ. ಅದರ ಮೇಲೆ ಕೂತು ಎದ್ದರೆ ಷರ್ಟು ತೆಗೆದಾಗ ಬೆನ್ನ ತುಂಬ ಗುಳಿ. ಟವೆಲ್ ಸುರುಳಿ ಮಾಡಿ ಸೊಂಟಕ್ಕೆ ಕೊಟ್ಟ. ಅತ್ತಿಗೆಯ ಒಳ್ಳೆ ದಿಂಬು ಹಾಳುಮಾಡಿದ. ಯಾರೋ ಹೇಳಿದರು ಅಂತ ಗಾಳಿ ತುಂಬೋ, ಬಳೆಯಂಥ ರಬ್ಬರ್ ದಿಂಬು ತಂದು ಅದರ ಮೇಲೆ ಕೂತ. ಅದು ಒಂದು ದಿನ ನಡುರಸ್ತೆಯಲ್ಲಿ, ಹಿಂದೆ ಒಬ್ಬ ಗಂಭೀರ ವಕೀಲರು ಕೂತಿದ್ದಾಗ, ಸದ್ದು ಮಾಡಿಕೊಂಡು ಇಳಿಯಿತಂತೆ. ವಕೀಲರು ಏನೂ ಮಾತಾಡದೆ ಕಿಟಕಿ ಗಾಜು ಇಳಿಸಿದರಂತೆ. ಅದನ್ನು ಹೇಳಿಕೊಂಡು ನಗಲು ಹೋಗಿ, ನಕ್ಕರೆ ನೋವು ಕಾಲಿಗೆ ಹೊಡೆದು, ಹಾಗೇ ಗೋಡೆ ಹಿಡಿದು ನಿಂತ.

ಕೊನೆಗೆ ನನ್ನ ಅಂಗಳಕ್ಕೆ ಬಂದು, ಹೊಲಿಗೆಗೆ ಬಂದ ಗಿರಾಕಿಗಳ ಕಾರಿನಲ್ಲೆಲ್ಲ ಕೂತು ನೋಡೋಕೆ ಶುರುಮಾಡಿದ. ಇದು ಆಳ, ಇದು ಗಟ್ಟಿ, ಇದರಲ್ಲಿ ಬಾಲದ ಮೂಳೆ ಒತ್ತುತ್ತೆ, ಇದು ಪರವಾಗಿಲ್ಲ ಆದರೆ ಗೇರ್ ಎಟುಕಲ್ಲ. ಒಬ್ಬ ಗಿರಾಕಿ ಬಂದು ತನ್ನ ಕಾರಿನಲ್ಲಿ ಯಾರೋ ಕಣ್ಣುಮುಚ್ಚಿ ಕೂತಿರೋದು ನೋಡಿ ಹೌಹಾರಿದರು. ಇವರೇ ನಮ್ಮ ಸೀಟು ಪರೀಕ್ಷೆ ಮಾಡೋ ಸಾಹೇಬರು ಅಂತ ಹೇಳಿ ಸಾಗಹಾಕಿದೆ. ಅವತ್ತೇ ನಾನು ಅವನ ಟ್ಯಾಕ್ಸಿಯ ಸೀಟು ಬಿಚ್ಚಿದೆ.

ಎಷ್ಟು ಸಲ ಕಟ್ಟಿದೆನೋ, ಎಷ್ಟು ಸಲ ಬಿಚ್ಚಿದೆನೋ. ಬಾಲದ ಮೂಳೆ ತಾಗದಂತೆ ಹಿಂದೆ ಫೋಮ್ ಕೊರೆದು ಗುಳಿ ಬಿಟ್ಟೆ. ಸೊಂಟಕ್ಕೆ ಉಬ್ಬು ಕಟ್ಟಿದೆ. ತೊಡೆಯ ಕೆಳಗೆ ಸ್ವಲ್ಪ ಎತ್ತರಿಸಿದೆ, ಆಮೇಲೆ ಇಳಿಸಿದೆ. ಪ್ರತಿ ಸಲ ಕೂತು ನೋಡಿ, ಪರವಾಗಿಲ್ಲ ಅನ್ನೋನು. ಅವನ ಪರವಾಗಿಲ್ಲ ಏನಂತ ನನಗೆ ಗೊತ್ತಿಲ್ಲವಾ. ಚಿಕ್ಕಂದಿನಲ್ಲಿ ಕೈ ಮುರಿದುಕೊಂಡು ಬಂದಾಗಲೂ ಪರವಾಗಿಲ್ಲ ಅಂದವನೇ ಅವನು. ನನಗೆ ರೇಗಿ, ನೋವಿದ್ದರೆ ನೋವಿದೆ ಅಂತ ಹೇಳು, ನಾನು ಸೀಟಿಗೆ ಫೋಮ್ ತುಂಬುತ್ತಿದ್ದೀನೋ ನಿನ್ನ ಸುಳ್ಳಿಗೆ ತುಂಬುತ್ತಿದ್ದೀನೋ ಅಂದೆ.

ಈ ನಡುವೆ ಒಂದು ಸಂಜೆ ಅವನು ಅಂಗಳದಿಂದ ಟ್ಯಾಕ್ಸಿಗೆ ನಡೆದು ಹೋದ ಮೇಲೆ ನೋಡಿದರೆ, ಎಡಗಾಲಿನ ಚಪ್ಪಲಿ ಅರ್ಧ ದಾರಿಯಲ್ಲೇ ಬಿದ್ದಿತ್ತು. ಎತ್ತಿಕೊಂಡು ಹೋಗಿ ಕೊಟ್ಟೆ. ಅವನು ಕಾಲು ನೋಡಿಕೊಂಡ. ಚಪ್ಪಲಿ ಬಿಟ್ಟುಹೋಗಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಹಳೇ ಚಪ್ಪಲಿ, ಸಡಿಲ ಆಗಿದೆ ಅಂದ. ಚಪ್ಪಲಿ ಹೊಸದು.

ಕೊನೆಯ ಸೀಟು ಮುಗಿಸಿದ್ದು ಇನ್ನೊಂದು ಸಂಜೆ ಹೊತ್ತಿಗೆ. ಹಿಂದಿನದೆಲ್ಲ ಕಿತ್ತೆಸೆದು ಬುಡದಿಂದ ಕಟ್ಟಿ, ಟ್ಯಾಕ್ಸಿಗೆ ಕೂರಿಸಿದ್ದೆ. ನಮ್ಮ ಕೆಲಸದಲ್ಲಿ ಹೊದಿಕೆ ಜರುಗದ ಹಾಗೆ ಬೆರಳುದ್ದದ ಪಿನ್ನುಗಳನ್ನು ಫೋಮಿಗೆ ಚುಚ್ಚಿಟ್ಟು, ಕಟ್ಟು ಬಿಗಿದ ಮೇಲೆ ಒಂದೊಂದಾಗಿ ತೆಗೆಯುತ್ತೇವೆ. ಮುಗಿದ ಮೇಲೆ, ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಸೀಟಿನ ಮೇಲೆಲ್ಲ ಆಡಿಸುತ್ತೇವೆ. ಒಳಗೆ ಪಿನ್ನು ಉಳಿದಿದ್ದರೆ ಕೈಗೆ ಜಗ್ಗಿದ್ದು ಗೊತ್ತಾಗುತ್ತೆ. ಅಯಸ್ಕಾಂತ ಆಡಿಸದೆ ಸೀಟು ಅಂಗಡಿ ದಾಟಬಾರದು ಅನ್ನೋದು ನನ್ನ ಗಂಡ ಹಾಕಿದ ಕಟ್ಟಳೆ. ನಾನು ಅಯಸ್ಕಾಂತ ತರೋಕೆ ಒಳಗೆ ಹೋಗಿ ಬರೋದರೊಳಗೆ ಅಣ್ಣ ಸೀಟಿನ ಮೇಲೆ ಕೂತಾಗಿತ್ತು. ಮುಖ ಕಪ್ಪಿಟ್ಟಿತ್ತು, ಇಳಿ ಅಂದರೆ ಇಳಿಯೋ ಸ್ಥಿತಿಯಲ್ಲಿರಲಿಲ್ಲ. ಒಮ್ಮೆ ಇಳಿದರೆ ಮತ್ತೆ ಹತ್ತೋಕಾಗಲ್ಲ, ಮನೆಗೆ ಹೋಗಿ ಮಲಗಿಬಿಡ್ತೀನಿ ಅಂದ. ಹೋಗು ಅಂದೆ.

ಮಾರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದೆ, ಅವನ ಫೋನು. ದನಿಯೇ ಬೇರೆ. ರಾತ್ರಿ ಕಣ್ತುಂಬ ನಿದ್ದೆ ಮಾಡಿದನಂತೆ, ಎದ್ದು ಆಗಲೇ ಎರಡು ಬಾಡಿಗೆ ಮುಗಿಸಿದನಂತೆ, ನೋವು ಅನ್ನೋ ಸುಳಿವೇ ಇಲ್ಲವಂತೆ. "ಏನು ಸೀಟು ಮಾಡಿದೀಯೇ ಪುಟ್ಟಿ! ಕೂತಿದೀನಿ ಅಂತಾನೇ ಗೊತ್ತಾಗಲ್ಲ. ಕಾಲೇ ಇಲ್ಲದ ಹಾಗಿದೆ," ಅಂದ. ನಾನು ನಕ್ಕೆ. ನಗದೆ ಇನ್ನೇನು ಮಾಡಲಿ, ಇಷ್ಟು ದಿನ ಎದೆ ಮೇಲೆ ಕೂತಿದ್ದ ಬಂಡೆ ಇಳಿದ ಹಾಗಾಗಿತ್ತು. ಟೈರ್ ಅಂಗಡಿಯವನನ್ನು ಕರೆದು ಹೇಳಿದೆ. ಟೀ ತಂದವಳಿಗೂ ಹೇಳಿದೆ. ದೊಡ್ಡ ದೊಡ್ಡ ಕಂಪನಿಯವರ ಕೈಲಾಗದ್ದು ನಾನು ಮಾಡಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಒಂದು ಕಾರಿನ ಸೀಟು ಮುಗಿಯಿತು. ರೂಢಿಯಂತೆ ಅಯಸ್ಕಾಂತ ಕೈಗೆ ತಗೊಂಡೆ, ಆಗ ನೆನಪಾಯ್ತು. ಅಣ್ಣನ ಸೀಟಿಗೆ ಆಡಿಸಿರಲಿಲ್ಲ. ಹೊದಿಕೆ ಬಿಗಿಯುವಾಗ ಚುಚ್ಚಿಟ್ಟ ಪಿನ್ನುಗಳಲ್ಲಿ ಮಧ್ಯದ್ದು, ಗುಳಿಯ ಅಂಚಿನದು, ತೆಗೆದ ನೆನಪು ಎಷ್ಟು ತಡಕಾಡಿದರೂ ಬರಲಿಲ್ಲ. ಫೋಮಿನೊಳಗೆ ಮಲಗಿದ ಪಿನ್ನು ಗಾಡಿಯ ಕುಲುಕಿಗೆ ಮೆಲ್ಲಗೆ ನೆಟ್ಟಗಾಗಿ ಮೇಲೆ ಬರುತ್ತೆ. ಅದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ತಕ್ಷಣ ಫೋನ್ ಮಾಡಿ, ಏನಾದರೂ ಚುಚ್ಚುತ್ತಿದೆಯಾ ಅಂತ ಕೇಳಿದೆ. ಚುಚ್ಚೋದಾ, ಹೂವಿನ ಮೇಲೆ ಕೂತ ಹಾಗಿದೆ ಅಂದ. ಆದರೂ ಈ ಕಡೆ ಬಾ, ಒಂದು ಕೆಲಸ ಬಾಕಿ ಇದೆ ಅಂದೆ. ಹತ್ತಿರದಲ್ಲೇ ಇದೀನಿ ಅಂತ ಬಂದ.

ಬಂದು, ಬಾಗಿಲು ತೆಗೆದು, ನೋವಿಲ್ಲದೆ ಇಳಿದ. ಅಷ್ಟು ದಿನದ ಮೇಲೆ ಅವನು ಮುಖ ಕಿವುಚದೆ ಇಳಿದಿದ್ದು ನೋಡಿ ನನಗೆ ಕಣ್ಣು ತುಂಬಿತು. ಆದರೆ ಇಳಿದವನು ಬಾಗಿಲು ಬಿಡಲಿಲ್ಲ. ಎರಡು ಹೆಜ್ಜೆ ಇಡುವಾಗಲೂ ನೆಲ ನೋಡಿಕೊಂಡೇ ಇಟ್ಟ. ನಾನು ಸೀಟಿನ ಮೇಲೆ ಅಯಸ್ಕಾಂತ ಹಿಡಿದೆ. ಗುಳಿಯ ಅಂಚಿಗೆ ಬಂದ ಕೂಡಲೇ ಟಕ್ ಅಂತ ಹಿಡಿಯಿತು. ಬಗ್ಗಿ ನೋಡಿದರೆ ಪಿನ್ನಿನ ಮೊನೆ ರೆಕ್ಸಿನ್ ಸೀಳಿ ಉಗುರಿನಷ್ಟು ಮೇಲೆ ಬಂದು ನೆಟ್ಟಗೆ ನಿಂತಿದೆ. ಸುತ್ತ ಕಂದುಬಣ್ಣದ ಕಲೆ. ಬೆರಳಿಂದ ಮುಟ್ಟಿದೆ, ಇನ್ನೂ ಹಸಿಯಾಗಿತ್ತು.

ಅಣ್ಣ ಬೆನ್ನು ಮಾಡಿ ನಿಂತು, ಬೆಳಗಿನ ಬಾಡಿಗೆಯವಳು ಗಾಡಿ ಹೊಗಳಿದ್ದನ್ನು ಹೇಳುತ್ತಿದ್ದ. ಪ್ಯಾಂಟಿನ ಹಿಂದೆ ಕೂರೋ ಜಾಗದಲ್ಲಿ ಅಂಗೈಯಗಲದ ರಕ್ತ. ಸೀಟಿನಿಂದ ಪಿನ್ನು ಕಿತ್ತುಕೊಂಡು, ಅಣ್ಣ ಅನ್ನೋದೂ ಮರೆತು, ಅವನ ತೊಡೆಯ ಹಿಂಭಾಗಕ್ಕೆ ಬಟ್ಟೆಯ ಮೇಲೆ ಮೊನೆ ಒತ್ತಿದೆ. ಅವನು ಮಾತಾಡುತ್ತಲೇ ಇದ್ದ. ಇನ್ನೊಂಚೂರು ಒತ್ತಿದೆ. ಆ ಹೆಂಗಸು ತನಗೂ ಇಂಥ ಸೀಟು ಬೇಕು ಅಂದಳು ಕಣೇ, ನಿನ್ನ ಅಂಗಡಿ ಹೇಳಿದೀನಿ ಅಂದ. ಪಿನ್ನು ಕೈಯಿಂದ ಬಿದ್ದುಹೋಯ್ತು.

"ಅಣ್ಣಾ, ಈಗ ನಾನು ನಿನಗೆ ಪಿನ್ನು ಚುಚ್ಚಿದೆ," ಅಂದೆ.

ಅವನು ತಿರುಗಿ ನೋಡಿ ನಕ್ಕ. ಎಲ್ಲಿ ಅಂದ. ಹಿಂದೆ ಕೈ ಹಾಕಿ ಮುಟ್ಟಿ ನೋಡಿಕೊಂಡ, ಬೆರಳಿಗೆ ಹತ್ತಿದ ರಕ್ತ ನೋಡಿದ. ಮತ್ತೆ ಮುಟ್ಟಿಕೊಂಡ, ಚಿವುಟಿಕೊಂಡ. ನಗು ಹಾಗೇ ಮುಖದ ಮೇಲೆ ಇತ್ತು, ತೆಗೆಯೋದು ಮರೆತವನ ಹಾಗೆ.

ನಾನು ಅತ್ತಿಗೆಗೆ ಫೋನ್ ಮಾಡಿದೆ. ಮೊದಲು ಬೇರೆ ಯಾರಿಗೋ ಹೋಯ್ತು, ಮತ್ತೆ ಮಾಡಿದೆ. ಕೂರೋ ಜಾಗ ಮರಗಟ್ಟಿದೆ ಅತ್ತಿಗೆ, ರಕ್ತ ಬಂದರೂ ಗೊತ್ತಾಗಿಲ್ಲ ಅಂದೆ. ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಅತ್ತಿಗೆ ಮೆಲ್ಲಗೆ ಹೇಳಿದರು. ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತಂತೆ. ನೀರಿನ ಲೋಟ ಬಿತ್ತು ಅಂದನಂತೆ, ತಂಗಿಗೆ ಹೇಳಬೇಡ ಅಂತಲೂ ಅಂದನಂತೆ. ಲೋಟ ಅಡುಗೆಮನೆಯಲ್ಲೇ ಇತ್ತು ಅಂದರು. "ಡಾಕ್ಟರು ಹೇಳಿದ್ದರು ಕಣಮ್ಮ. ನೋವು ಇದ್ದಕ್ಕಿದ್ದ ಹಾಗೆ ನಿಂತು ಕೂರೋ ಜಾಗ ಜೋಮು ಹಿಡಿದರೆ ಒಂದು ಗಳಿಗೆಯೂ ಕಾಯಬೇಡಿ ಅಂದಿದ್ದರು. ನಾನು ಹೇಗೆ ಮರೆತೆ?" ಅಂದರು.

ನೋವು ನಿಲ್ಲಲಿ ಅಂತ ಅಷ್ಟು ದಿನ ಕಾದವರಿಗೆ ನೋವು ನಿಂತಾಗ ಹೆದರಬೇಕು ಅನ್ನೋದು ಹೇಗೆ ನೆನಪಿರುತ್ತೆ? ಅದನ್ನು ಅವರಿಗೆ ಹೇಳೋಕೆ ಹೊತ್ತಿರಲಿಲ್ಲ. ನೇರ ಆಸ್ಪತ್ರೆಗೆ ಬನ್ನಿ ಅಂದೆ.

ಅಣ್ಣ ಡ್ರೈವರ್ ಬಾಗಿಲ ಹತ್ತಿರ ಹೋಗಿ ನಿಂತಿದ್ದ. ನಾನೇ ಓಡಿಸ್ತೀನಿ, ನನಗೇನಾಗಿದೆ ಅಂದ. ಕೂರು, ಕೂತು ಕ್ಲಚ್ ಒತ್ತು ನೋಡೋಣ ಅಂದೆ. ಕೂತ. ಎಡಗಾಲು ಎತ್ತಿಟ್ಟ. ಅದು ಕ್ಲಚ್ ಪಕ್ಕದಲ್ಲಿ ಬರೀ ನೆಲದ ಮೇಲಿತ್ತು. ಬಗ್ಗಿ ಕಣ್ಣಲ್ಲಿ ನೋಡಿ, ಕೈಯಲ್ಲಿ ಮಂಡಿ ಹಿಡಿದು ಸರಿಸಿ ಕ್ಲಚ್ ಮೇಲಿಟ್ಟುಕೊಂಡ. ಬೆಳಗ್ಗೆಯಿಂದ ಹೀಗೇ ಓಡಿಸ್ತಿದೀಯಾ ಅಂತ ಕೇಳಿದೆ. ಅವನು ತಲೆ ತಗ್ಗಿಸಿದ. ಹಿಂದೆ ಜನರನ್ನು ಕೂರಿಸಿಕೊಂಡು, ಕಾಲು ಎಲ್ಲಿದೆ ಅಂತ ಬಗ್ಗಿ ನೋಡಿಕೊಂಡು! ಆ ಸ್ಕೂಟರಿನ ಹೆಂಗಸು ನನ್ನ ಕಣ್ಣ ಮುಂದೆ ಬಂದಳು. ಇಳಿ ಅಂದೆ.

ಟೈರ್ ಅಂಗಡಿ ಮುಚ್ಚಿತ್ತು, ಅವನು ಊಟಕ್ಕೆ ಹೋಗಿದ್ದ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರೋದು ಹೊತ್ತಾಗುತ್ತೆ ಅಂದರು. ನಾನು ಅಣ್ಣನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಮುಂದೆ ಕೂತೆ. ನನ್ನ ಡ್ರೈವಿಂಗ್ ಏನು ಅಂತ ಹೇಳಿಬಿಡುತ್ತೇನೆ. ಗಿರಾಕಿಗಳ ಗಾಡಿ ಅಂಗಳಕ್ಕೆ ತರೋದು, ಹಿಂದೆ ತೆಗೆಯೋದು, ಗೋಡೆಗೆ ತಾಗದ ಹಾಗೆ ನಿಲ್ಲಿಸೋದು. ಲೈಸೆನ್ಸ್ ಇದೆ, ಆದರೆ ಮೂರನೇ ಗೇರು ಹಾಕಿ ಕಾಲವಾಗಿತ್ತು. ದೊಡ್ಡ ರಸ್ತೆಗೆ ಇಳಿದಾಗ ಒಂದು ಬಸ್ಸು ಮೈಮೇಲೇ ಬಂದ ಹಾಗೆ ಬಂದು ಪಕ್ಕಕ್ಕೆ ಹೋಯ್ತು. ಹಿಂದಿನವರೆಲ್ಲ ಹಾರನ್ ಹೊಡೆದು ನನ್ನ ವಂಶವನ್ನೆಲ್ಲ ನೆನೆಸಿದರು. ಅಣ್ಣ ಮಲಗಿದ ಕಡೆಯಿಂದಲೇ, ಗೇರ್ ಬದಲಾಯಿಸು, ಎಡಕ್ಕೆ ತಗೋ, ಹೆದರಬೇಡ ಅಂತ ಹೇಳುತ್ತಿದ್ದ. ತನ್ನ ಮೈ ಅರ್ಧ ಸತ್ತಿದೆ, ನನಗೆ ಹೆದರಬೇಡ ಅನ್ನುತ್ತಿದ್ದಾನೆ.

ಎರಡು ಸಿಗ್ನಲ್ ದಾಟಿರಬೇಕು, ಆಗ ನನಗೆ ಸೀಟು ಗಮನಕ್ಕೆ ಬಂತು. ನಾನೇ ಕಟ್ಟಿದ ಸೀಟಿನ ಮೇಲೆ ನಾನು ಕೂತಿದ್ದು ಅದೇ ಮೊದಲು. ಅದು ಚೆನ್ನಾಗಿರಲಿಲ್ಲ. ಸೊಂಟದ ಉಬ್ಬು ಕೋಲಲ್ಲಿ ತಿವಿದ ಹಾಗೆ ತಿವಿಯುತ್ತಿತ್ತು. ಗುಳಿಯ ಅಂಚು ಕುಂಡೆಗೆ ಒತ್ತಿ ಒತ್ತಿ ನೋಯಿಸಿತು. ಒಂದು ಕಡೆ ವಾಲಿಕೊಂಡಿತ್ತು ಬೇರೆ. ಆರೋಗ್ಯವಾಗಿರೋ ನನಗೇ ಇಷ್ಟು ದೂರ ಕೂರೋಕಾಗುತ್ತಿಲ್ಲ. ಬೆಳಿಗ್ಗೆಯಿಂದ ಟೈರ್ ಅಂಗಡಿಯವನಿಗೆ, ಟೀ ತಂದವಳಿಗೆ ಕೊಚ್ಚಿಕೊಂಡಿದ್ದು ಈ ಸೀಟನ್ನ. ಇದನ್ನ ಅವನು ಹೂವು ಅಂದಿದ್ದ. ಸೀಟು ಅವನ ನೋವು ತೆಗೆದಿರಲಿಲ್ಲ, ಯಾವ ಸೀಟೂ ತೆಗೆದಿರಲಿಲ್ಲ. ಕಣ್ಣೀರು ಬಂದು ರಸ್ತೆ ಮಸಕಾಯ್ತು, ತೋಳಿಂದ ಒರೆಸಿಕೊಂಡು ಓಡಿಸಿದೆ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಇದ್ದರು. ಇವನು ಮಲಗಿಕೊಂಡೇ, ಬೆಳಿಗ್ಗೆಯಿಂದ ನೋವೇ ಇಲ್ಲ ಡಾಕ್ಟ್ರೇ, ನನ್ನ ತಂಗಿ ಸುಮ್ಮನೆ ಗಾಬರಿ ಬಿದ್ದಳು ಅಂದ. ಅವರು ಅವನ ಮಾತಿಗೆ ತಲೆ ಹಾಕಲಿಲ್ಲ. ಮೂತ್ರಕ್ಕೆ ಯಾವಾಗ ಹೋಗಿದ್ದಿರಿ ಅಂತ ಕೇಳಿದರು. ಅವನು ನನ್ನ ಕಡೆ ನೋಡಿದ. ನಾನು ಹೊರಗೆ ಹೋದೆ. ನರ್ಸು ಮೂತ್ರದ ನಳಿಕೆ ಹಾಕಿದ ಮೇಲೆ ಒಳಗೆ ಬಂದು ನೋಡಿದರೆ ಚೀಲ ತುಂಬಿಹೋಗಿತ್ತು. ಅಷ್ಟು ತುಂಬಿಕೊಂಡಿದ್ದರೂ ಅವನಿಗೆ ಹೋಗಬೇಕು ಅಂತ ಅನಿಸಿಯೇ ಇರಲಿಲ್ಲ.

ಸ್ಕ್ಯಾನ್ ಮಾಡಿ ಬಂದು ಡಾಕ್ಟರಮ್ಮ ನನ್ನನ್ನೂ ಅತ್ತಿಗೆಯನ್ನೂ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದರು. ಜರುಗಿದ್ದ ಮೆತ್ತೆ ರಾತ್ರಿ ಪೂರ್ತಿ ಒಡೆದು, ಬೆನ್ನುಮೂಳೆಯ ತುದಿಯ ನರಗಳ ಕಂತೆಯನ್ನೇ ಅಮುಕಿ ಹಾಕಿದೆ. ನೋವು ಹೋಗಿದ್ದಲ್ಲ, ನೋವಿನ ಸುದ್ದಿ ಹೊರುವ ನರ ಕೆಲಸ ನಿಲ್ಲಿಸಿದ್ದು. ಈಗಲೇ ತೆಗೆದರೆ ಕಾಲು, ಮೂತ್ರದ ಹಿಡಿತ ವಾಪಸ್ ಬರಬಹುದು. ಬರದೆಯೂ ಇರಬಹುದು. ನಾಳೆಗೆ ಬಿಟ್ಟರೆ ಬರಬಹುದು ಅನ್ನೋ ಮಾತನ್ನೂ ನಾನು ಆಡಲಾರೆ ಅಂದರು. ಅತ್ತಿಗೆ ನನ್ನ ಮೊಣಕೈ ಹಿಡಿದುಕೊಂಡರು, ಉಗುರು ಚರ್ಮಕ್ಕೆ ಇಳಿಯೋವಷ್ಟು ಬಿಗಿಯಾಗಿ.

ಅವನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಪಕ್ಕದಲ್ಲಿ ಓಡುತ್ತಾ ಹೋದೆ. ಏನಾದರೂ ಹೇಳುತ್ತಾನೆ ಅಂದುಕೊಂಡೆ. ಪರವಾಗಿಲ್ಲ ಅಂದ. ಬಾಗಿಲು ಮುಚ್ಚಿದರು. ಸಂಜೆಯೆಲ್ಲ ಆ ಬಾಗಿಲ ಎದುರಿನ ಬೆಂಚಿನ ಮೇಲೆ ಅತ್ತಿಗೆ ಕಣ್ಣುಮುಚ್ಚಿ ಕೂತಿದ್ದರು, ನಾನು ಕೂರಲಾರದೆ ಗೋಡೆ ಹಿಡಿದು ನಿಂತಿದ್ದೆ. ಅಪ್ಪನ ಕಾಲು ಕೈಯಲ್ಲಿ ಹಿಡಿದ ಹಾಗೇ ಆಗುತ್ತಿತ್ತು. ಮತ್ತೆ ನಾನು ಕಾಲ ಹತ್ತಿರ ನಿಂತರೆ ಹೆಗಲ ಹತ್ತಿರ ಈಗ ಯಾರು ನಿಲ್ಲುತ್ತಾರೆ ಅಂತ ಯೋಚನೆ ಬಂದು, ಥೂ ಅಂತ ನನಗೆ ನಾನೇ ಬೈದುಕೊಂಡೆ. ರಾತ್ರಿ ಡಾಕ್ಟರಮ್ಮ ಹೊರಗೆ ಬಂದು, ಆಪರೇಷನ್ ಆಯ್ತು, ಒಡೆದ ಮೆತ್ತೆ ತೆಗೆದಿದ್ದೇವೆ, ಮಿಕ್ಕಿದ್ದು ಬೆಳಿಗ್ಗೆ ನೋಡೋಣ ಅಂದರು.

ಬೆಳಿಗ್ಗೆ ಡಾಕ್ಟರಮ್ಮ ವಾರ್ಡಿಗೆ ಬಂದಾಗ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಅಣ್ಣ ಬೆನ್ನ ಮೇಲೆ ಮಲಗಿದ್ದ, ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ಅತ್ತಿಗೆ ತಲೆಯ ಕಡೆ ಅವನ ಕೈ ಹಿಡಿದು ನಿಂತಿದ್ದರು, ನಾನು ಕಾಲ ಕಡೆ. ಡಾಕ್ಟರಮ್ಮ ಹೊದಿಕೆ ಸರಿಸಿ, ಹತ್ತಿಯ ಒಂದು ಎಳೆ ಹೊಸೆದು ಮೊನೆ ಮಾಡಿಕೊಂಡು, ಕಣ್ಣು ಮುಚ್ಚಿಕೊಳ್ಳಿ, ನಾನು ಮುಟ್ಟಿದಾಗ ಹೇಳಿ ಅಂದರು.

ಅಣ್ಣ ಕಣ್ಣು ಮುಚ್ಚಿದ. "ಹೂಂ," ಅಂದ ತಕ್ಷಣ. "ಗೊತ್ತಾಗ್ತಿದೆ."

ಅತ್ತಿಗೆ ಬಿಕ್ಕಿ ಅವನ ಹಣೆಗೆ ಹಣೆ ಇಟ್ಟರು. ಅವರು ನಿಂತ ಜಾಗದಿಂದ ಡಾಕ್ಟರಮ್ಮನ ಕೈ ಕಾಣುತ್ತಿರಲಿಲ್ಲ. ಹತ್ತಿ ಇನ್ನೂ ಡಾಕ್ಟರಮ್ಮನ ಬೆರಳಲ್ಲೇ ಇತ್ತು, ಗಾಳಿಯಲ್ಲಿ. ಅವರು ನನ್ನ ಮುಖ ನೋಡಿದರು. ಹೇಳಬೇಕೋ ಬೇಡವೋ ಅನ್ನೋದು ನನ್ನ ಕೈಗೆ ಬಿಟ್ಟ ಹಾಗೆ ನೋಡಿದರು. ಮಂಚದ ಕಂಬಿ ಹಿಡಿದುಕೊಂಡೆ.

"ಅಣ್ಣಾ, ಅವರಿನ್ನೂ ಮುಟ್ಟಿಲ್ಲ," ಅಂದೆ.

ಅವನು ಕಣ್ಣು ತೆಗೆಯಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯ್ತು. "ನಂಗೆ ಭಯ ಆಗ್ತಿದೆ ಪುಟ್ಟಿ," ಅಂದ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ನನಗೂ ಭಯ ಆಗ್ತಿದೆ, ನಿನಗಿಂತ ಜಾಸ್ತಿ ಆಗ್ತಿದೆ, ಆದರೆ ಇದ್ದಿದ್ದನ್ನ ಇದ್ದ ಹಾಗೆ ಹೇಳು ಅಂದೆ. ಆಯ್ತು ಅಂತ ತಲೆ ಆಡಿಸಿದ.

ಡಾಕ್ಟರಮ್ಮ ಶುರುಮಾಡಿದರು. ಎಡ ಅಂಗಾಲಿನ ಮೇಲೆ ಹತ್ತಿ ಎಳೆದರು. ಹಿಮ್ಮಡಿ, ಕಿರುಬೆರಳು. ಬಲ ಅಂಗಾಲು, ಬೆರಳ ಸಂದಿಯೆಲ್ಲ ನಿಧಾನವಾಗಿ. ನಾನಾಗಿದ್ದರೆ ಕಚಗುಳಿಗೆ ಎದ್ದು ಕೂರುತ್ತಿದ್ದೆ. ಅಣ್ಣ ಪೂರ್ತಿ ಗಮನ ಕೊಟ್ಟು, ಹುಬ್ಬು ಗಂಟಿಕ್ಕಿ, ಕಾಯುತ್ತಾ ಮಲಗಿದ್ದ.

"ಶುರು ಮಾಡಿದ್ರಾ?" ಅಂತ ಕೇಳಿದ.

ಅತ್ತಿಗೆ ನನ್ನ ಮುಖ ನೋಡಿ, ನೋಡಬಾರದಿತ್ತು ಅನ್ನೋ ಹಾಗೆ ಬೇರೆ ಕಡೆ ತಿರುಗಿದರು. ಡಾಕ್ಟರಮ್ಮನ ಕೈ ನಿಲ್ಲಲಿಲ್ಲ. ಕಾಲ ಹಿಂದೆ, ಮಂಡಿಯ ಸಂದು, ಅಲ್ಲಿಂದ ತೊಡೆಯ ಹಿಂದುಗಡೆ ಮೇಲಕ್ಕೆ, ಹಿಂದಿನ ದಿನ ನಾನು ಪಿನ್ನು ಚುಚ್ಚಿದಾಗಲೂ ಅವನಿಗೆ ಏನೂ ಗೊತ್ತಾಗದಿದ್ದ ಕಡೆಗೆ ಹೋಯ್ತು. ನಾನು ಹತ್ತಿಯ ಮೊನೆಯನ್ನೇ ನೋಡುತ್ತಿದ್ದೆ. ಅಣ್ಣನ ತುಟಿ ಅಲುಗಿತು. ಮತ್ತೆ ಅಲುಗಿತು.

"ಅಲ್ಲಿ," ಅಂದ. ಸುಳ್ಳು ಹೇಳೋವಾಗಿನ ಆ ಗಟ್ಟಿ ದನಿ ಇರಲಿಲ್ಲ, ಕೇಳಿಸಿಕೊಳ್ಳಲು ನಾನು ಬಗ್ಗಬೇಕಾಯ್ತು. "ಸರಿಯಾಗಿ ಗೊತ್ತಾಗ್ತಿಲ್ಲ. ಅಲ್ಲಿ ಏನೋ ಇದೆ."

ಹತ್ತಿ ಅವನ ಚರ್ಮದ ಮೇಲಿತ್ತು.